ಹಳಿ ಎರಡು, ಕಾಲು ಮೂರು: ಇಗರ್ಜಿಯ ಲೈವ್‌ಗೆ ಮನೆಯಲ್ಲೇ ಮಾಡುವ ಡಾಲಿ

ಪ್ರಶ್ನೆ: ಸರ್, ನಾವು ಉಡುಪಿ ಜಿಲ್ಲೆಯ ಒಂದು ಇಗರ್ಜಿಯ ಯುವಕರ ತಂಡದವರು. ಕೊರೋನಾ ಸಮಯದಲ್ಲಿ ಶುರು ಮಾಡಿದ ಪೂಜೆಯ ಲೈವ್ ಈಗಲೂ ನಡೆಯುತ್ತಿದೆ. ಗಲ್ಫ್‌ನಲ್ಲಿರುವ ಊರಿನವರು, ಮನೆಯಿಂದ ಹೊರಗೆ ಬರಲಾಗದ ಹಿರಿಯರು ನೋಡುತ್ತಾರೆ. ಎರಡು ಕ್ಯಾಮರಾ ಉಂಟು. ಒಂದು ಹಿಂದೆ ನಡುವಿನಲ್ಲಿ, ಇನ್ನೊಂದು ಬದಿಯಲ್ಲಿ. ಚಿತ್ರ ಸ್ಪಷ್ಟ ಇದೆ, ಆದರೆ ಸಿಸಿಟಿವಿ ನೋಡಿದ ಹಾಗೆ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ವಾರ್ಷಿಕ ಹಬ್ಬಕ್ಕೆ ಒಂದು ಡಾಲಿ, ಅಂದರೆ ಕ್ಯಾಮರಾ ಇಟ್ಟು ತಳ್ಳುವ ಚಕ್ರದ ಹಲಗೆ, ಮಾಡೋಣ ಅಂತ ಆಸೆ. 8,000 ರೂಪಾಯಿವರೆಗೆ ಒಪ್ಪಿಗೆ ಸಿಕ್ಕಿದೆ. ಟ್ರೈಪಾಡಿನ ಕೆಳಗೆ ಆಸ್ಪತ್ರೆ ಮಂಚಕ್ಕೆ ಇರುವಂಥ ತಿರುಗುವ ಚಕ್ರ ಹಾಕಿದರೆ ಸಾಕು ಅಂತ ಒಬ್ಬ. ಪೈಪಿನ ಹಳಿಯೇ ಬೇಕು ಅಂತ ಇನ್ನೊಬ್ಬ. ಯಾರ ಮಾತು ಕೇಳುವುದು?

ಉತ್ತರ: ಹಳಿ ಬೇಕು ಅಂದವನ ಮಾತು ಕೇಳಿ. ಆದರೆ ಅವನು ಮನಸ್ಸಿನಲ್ಲಿ ನಾಲ್ಕು ಮೂಲೆಗೆ ನಾಲ್ಕು ಜೊತೆ ಚಕ್ರದ ಹಲಗೆ ಇಟ್ಟುಕೊಂಡಿದ್ದರೆ ಅದನ್ನೂ ಬಿಡಿಸಬೇಕು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ತಿರುಗುವ ಚಕ್ರದ ಕತೆ. ಆ ತಪ್ಪನ್ನು ನಾನೇ ಮಾಡಿದ್ದೇನೆ. ಹಲವು ವರ್ಷದ ಹಿಂದೆ ಮಂಗಳೂರಿನ ಒಂದು ಇಗರ್ಜಿಯಲ್ಲಿ ಹಬ್ಬದ ಪೂಜೆಗೆ ಇಂಥದ್ದೇ ಮೂರು ಚಕ್ರ ಹಾಕಿಕೊಂಡು ಹೋಗಿದ್ದೆ. ಮುಂದಕ್ಕೆ ತಳ್ಳುವಾಗ ಬೆಣ್ಣೆ. ಹಿಂದಕ್ಕೆ ಎಳೆದ ಕೂಡಲೇ ಮೂರೂ ಚಕ್ರ ಮೊದಲು ತಮ್ಮಷ್ಟಕ್ಕೆ ಅರ್ಧ ಸುತ್ತು ತಿರುಗಿ ಆಮೇಲೆ ಹೊರಟವು. ಆ ಅರ್ಧ ಸುತ್ತಿನಲ್ಲಿ ಕ್ಯಾಮರಾ ಪಕ್ಕಕ್ಕೆ ಒಮ್ಮೆ ಕುಂಡೆ ಕುಣಿಸಿತು. ಅದೂ ಸಾಲದು ಅಂತ ಎಚ್‌ಡಿಎಂಐ ಕೇಬಲ್ಲು ಬೆಂಚಿನ ಕಾಲಿಗೆ ಸಿಕ್ಕಿಹಾಕಿಕೊಂಡಿತು. ಕ್ವಾಯರಿನವರು ಗ್ಲೋರಿಯಾ ಹಾಡುತ್ತಿದ್ದರೆ ದುಬೈಯವರಿಗೆ ಕಂಡದ್ದು ಮಾಡಿನ ಫ್ಯಾನು. ಆ ದಿನದಿಂದ ನನ್ನ ಕೆಲಸಕ್ಕೆ ತಿರುಗುವ ಚಕ್ರ ತಂದಿಲ್ಲ.

ನೆಲದ ವಿಷಯವೂ ಉಂಟು. ನಮ್ಮ ಕಡೆಯ ಹಳೇ ಇಗರ್ಜಿಗಳ ನೆಲ ನೋಡಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಮಾಡಿಗೆ ಹಂಚು ಬಂತು, ನೆಲಕ್ಕೂ ಸುಟ್ಟ ಮಣ್ಣಿನ ಬಿಲ್ಲೆ ಬಂತು. ನೋಡಲು ಚೆಂದ. ಆದರೆ ಬಿಲ್ಲೆ ಬಿಲ್ಲೆಯ ನಡುವೆ ಸಂದು. ಹೊಸ ಇಗರ್ಜಿಯ ವಿಟ್ರಿಫೈಡ್ ಟೈಲ್ಸಿಗೂ ಸಂದು ತಪ್ಪಿದ್ದಲ್ಲ. ನಡೆಯುವ ಕಾಲಿಗೆ ಗೊತ್ತಾಗದ ಆ ಸಂದು ಚಕ್ರಕ್ಕೆ ಗೊತ್ತಾಗುತ್ತದೆ. ಜೂಮ್ ಮಾಡಿದ ಕ್ಯಾಮರಾಕ್ಕೆ ಇನ್ನೂ ಜಾಸ್ತಿ ಗೊತ್ತಾಗುತ್ತದೆ. ಪೈಪಿನ ಹಳಿ ಹಾಕುವುದು ಇದಕ್ಕೇ. ಚಕ್ರ ನೆಲವನ್ನು ಮುಟ್ಟಲೇಬಾರದು.

ಈಗ ಮುಖ್ಯ ವಿಷಯ. ನಾಲ್ಕು ಕಾಲಿನ ಮೇಜು ಹೋಟೆಲಿನಲ್ಲಿ ಅಲುಗಾಡುವುದನ್ನು ನೋಡಿದ್ದೀರಲ್ವಾ? ಒಂದು ಕಾಲಿನ ಕೆಳಗೆ ಪೇಪರು ಮಡಚಿ ಇಡಬೇಕಾಗುತ್ತದೆ. ಮೂರು ಕಾಲಿನ ಸ್ಟೂಲಿಗೆ ಆ ತೊಂದರೆ ಇಲ್ಲ. ಎಲ್ಲಿಟ್ಟರೂ ಮೂರೂ ಕಾಲು ನೆಲಕ್ಕೆ ತಾಗಿಯೇ ತಾಗುತ್ತವೆ. ಡಾಲಿಗೂ ಇದೇ ಲೆಕ್ಕ. ನಾಲ್ಕು ಮೂಲೆಗೂ ಪೈಪನ್ನು ಅಪ್ಪಿ ಹಿಡಿಯುವ ಚಕ್ರ ಹಾಕಿದರೆ ಎರಡು ತೊಂದರೆ. ಹಳಿ ಒಂದು ಕಡೆ ಕೂದಲೆಳೆಯಷ್ಟು ತಗ್ಗಿದರೂ ಹಲಗೆ ಟಕ್ ಟಕ್ ಅನ್ನುತ್ತದೆ. ಎರಡು ಪೈಪಿನ ನಡುವಿನ ಅಂತರ ನಾಲ್ಕು ಮಿಲಿಮೀಟರ್ ವ್ಯತ್ಯಾಸವಾದರೂ ಚಕ್ರಗಳು ಬಿಗಿದು ನಿಲ್ಲುತ್ತವೆ. ಸಿನಿಮಾದವರು ಇದನ್ನು ದುಬಾರಿ ಉಕ್ಕಿನ ಹಳಿಯಿಂದ ಗೆಲ್ಲುತ್ತಾರೆ. ನಮ್ಮ ಪೈಪು ಪ್ಲಂಬಿಂಗ್ ಪೈಪು. ಅದು ಅಷ್ಟು ನೇರ ಇರುವುದಿಲ್ಲ.

ಹಾಗಾಗಿ ಒಂದು ಹಳಿ ದಾರಿ ತೋರಿಸಲಿ, ಇನ್ನೊಂದು ಬರೀ ಭಾರ ಹೊರಲಿ. ದಾರಿ ತೋರಿಸುವ ಹಳಿಯ ಮೇಲೆ ಮುಂದೊಂದು ಹಿಂದೊಂದು, ಎರಡು ಜೊತೆ ಚಕ್ರ. ಪ್ರತಿ ಜೊತೆಯಲ್ಲಿ ಎರಡು ಚಕ್ರ ಪೈಪಿನ ನೆತ್ತಿಯ ಆಚೆ ಈಚೆ 45 ಡಿಗ್ರಿ ಓರೆಯಾಗಿ ಕೂತು ಅದನ್ನು ಅಪ್ಪಿ ಹಿಡಿಯಬೇಕು. ಭಾರ ಹೊರುವ ಹಳಿಯ ಮೇಲೆ ನಟ್ಟನಡುವೆ ಒಂದೇ ಚಕ್ರ, ನೆಟ್ಟಗೆ, ಮೈ ಚಪ್ಪಟೆಯಾಗಿರುವ ಅಗಲದ್ದು. ಹಳೇ ಸ್ಕೇಟ್‌ಬೋರ್ಡಿನ ಚಕ್ರವಾದರೆ ಒಳ್ಳೆಯದು. ಹಳಿ ಸ್ವಲ್ಪ ಹತ್ತಿರ ಬಂದರೂ ದೂರ ಹೋದರೂ ಆ ಚಕ್ರ ಪೈಪಿನ ಮೇಲೆ ಅಡ್ಡಕ್ಕೆ ಸರಿದುಕೊಳ್ಳುತ್ತದೆ, ಬಿಗಿಯುವುದಿಲ್ಲ. ಮೇಲೆ ಟ್ರೈಪಾಡ್ ಇಡುವಾಗ ಅದರ ಮೂರು ಕಾಲು ಈ ಮೂರು ಜಾಗದ ನೇರ ಮೇಲೆ ಬರಲಿ. ಟ್ರೈಪಾಡಿಗೂ ಮೂರು ಕಾಲು, ಡಾಲಿಗೂ ಮೂರು. ಭಾರ ನೇರ ಪೈಪಿಗೆ ಇಳಿಯುತ್ತದೆ, ಹಲಗೆ ಬಾಗುವ ಪ್ರಶ್ನೆಯೇ ಬರುವುದಿಲ್ಲ. ಒಂದು ಎಚ್ಚರಿಕೆ: ಚಕ್ರವಿಲ್ಲದ ಎರಡು ಮೂಲೆಗಳ ಮೇಲೆ ಯಾರೂ ಕಾಲಿಡಬಾರದು. ಹಲಗೆ ಮಗುಚುತ್ತದೆ. ಮಕ್ಕಳಿಗೆ ಇದನ್ನು ನೋಡಿದ ಕೂಡಲೇ ಹತ್ತುವ ಆಸೆ ಬರುತ್ತದೆ. ಆ ಮೂಲೆಗಳನ್ನು ಗರಗಸದಿಂದ ಕತ್ತರಿಸಿಬಿಟ್ಟರೆ ನಿಶ್ಚಿಂತೆ.

ಸಾಮಾನು ಎಲ್ಲಿ ಸಿಗುತ್ತದೆ ಅಂತ ಕೇಳುವಿರಿ. ಚಕ್ರ ಮೊದಲು ನಿಮ್ಮ ವಾಡೆಯ, ಅಂದರೆ ಇಗರ್ಜಿಯ ವಾರ್ಡಿನ, ಮನೆಗಳ ಅಟ್ಟದಲ್ಲಿ ಹುಡುಕಿ. ಮಕ್ಕಳು ಎರಡು ತಿಂಗಳು ಸ್ಕೇಟಿಂಗ್ ಕ್ಲಾಸಿಗೆ ಹೋಗಿ ಬಿಟ್ಟ ಮನೆ ಊರಿಗೆ ನಾಲ್ಕಾದರೂ ಇರುತ್ತದೆ. ಒಂದೇ ಸಾಲಿನಲ್ಲಿ ಚಕ್ರ ಇರುವ ಸ್ಕೇಟ್‌ ಆಗಬೇಕು. ಒಂದು ಕಾಲಿಗೆ ನಾಲ್ಕು, ಒಂದು ಜೊತೆಗೆ ಎಂಟು. ನಿಮಗೆ ಬೇಕಾದದ್ದು ನಾಲ್ಕೇ, ಉಳಿದದ್ದು ಸ್ಪೇರು. ಈ ಚಕ್ರಗಳ ಒಳಗೆ ಇರುವುದು 608 ಬೇರಿಂಗ್. ಒಳಗಿನ ತೂತು 8 ಮಿಲಿಮೀಟರ್, ಹೊರ ಅಳತೆ 22, ದಪ್ಪ 7. ಅಂದರೆ ಮಾಮೂಲಿ 8 ಎಂಎಂ ಬೋಲ್ಟು ಸರಿಯಾಗಿ ಕೂರುತ್ತದೆ. ಬೇರಿಂಗ್ ತುಕ್ಕು ಹಿಡಿದಿದ್ದರೆ ಹೊಸದು ಹಾಕಿ, ದುಬಾರಿ ಅಲ್ಲ. ಬೋಲ್ಟು ಮಾತ್ರ ಸ್ಟೇನ್‌ಲೆಸ್ ಸ್ಟೀಲಿನದ್ದೇ ತನ್ನಿ. ಸಮುದ್ರದ ಉಪ್ಪುಗಾಳಿ ನಮ್ಮಲ್ಲಿ ಕಬ್ಬಿಣವನ್ನು ಉಳಿಸುವುದಿಲ್ಲ, ಗೊತ್ತಲ್ಲ.

ಓರೆ ಚಕ್ರ ಕೂರಿಸಲು 50 ಎಂಎಂ ಅಲ್ಯೂಮಿನಿಯಂ ಎಲ್ ಆಂಗಲ್ ಬೇಕು. ಅಂಗೈ ಅಗಲದ ಎರಡು ತುಂಡು ಸಾಕು. ಫ್ಯಾಬ್ರಿಕೇಶನ್ ಶಾಪಿನ ಮೂಲೆಯಲ್ಲಿ ಕಟಿಂಗ್ ಪೀಸು ಬಿದ್ದಿರುತ್ತದೆ, ಕೇಳಿದರೆ ಹಾಗೇ ಕೊಟ್ಟಾರು. ಆಂಗಲಿನ ಮೂಲೆ ಕೆಳಮುಖವಾಗಿ ಪೈಪಿನ ಕಡೆ ನೋಡಬೇಕು, ಚಕ್ರಗಳು ಅದರ ಹೊರ ಮೈಗೆ. ತೂತು ಎಲ್ಲಿ ಹೊಡೆಯಬೇಕು ಅನ್ನುವುದು ಚಕ್ರದ ಅಳತೆಯ ಮೇಲೆ ಹೋಗುತ್ತದೆ. 76 ಎಂಎಂ ಚಕ್ರ, ಒಂದು ಇಂಚಿನ ಪೈಪು ಆದರೆ ಮೂಲೆಯಿಂದ ಸುಮಾರು 38–40 ಎಂಎಂ ದೂರ. ಆದರೆ ನನ್ನ ಮಾತು ನಂಬಿ ನೇರ ಡ್ರಿಲ್ ಹಿಡಿಯಬೇಡಿ. ಮೊದಲು ದಪ್ಪ ರಟ್ಟು ಮಡಚಿ ಒಂದು ಮಾದರಿ ಮಾಡಿ, ಚಕ್ರ ಸಿಕ್ಕಿಸಿ, ಪೈಪಿನ ಮೇಲೆ ಇಟ್ಟು ನೋಡಿ. ಎರಡೂ ಚಕ್ರದ ನಡು ಮೈ ಪೈಪಿಗೆ ತಾಗಬೇಕು, ಆಂಗಲಿನ ಮೂಲೆ ಪೈಪಿಗೆ ತಾಗಬಾರದು. ಆಮೇಲೆ ಹಲಗೆಗೂ ಆಂಗಲಿಗೂ ನಡುವೆ ಮರದ ಒಂದು ತುಂಡು ಕೊಡಿ. ಇಲ್ಲದಿದ್ದರೆ ಚಕ್ರದ ಮೇಲಂಚು ಪ್ಲೈಗೆ ಉಜ್ಜುತ್ತದೆ. ಮೂರನೇ ಚಕ್ರದ ಕಡೆಯೂ ತುಂಡು ಕೊಟ್ಟು ಎತ್ತರ ಸರಿಮಾಡಿ, ರಸಮಟ್ಟ ಇಟ್ಟು ನೋಡಿ.

ಬೋಲ್ಟು ಬಿಗಿಯುವ ಕೆಲಸವನ್ನು ಅವಸರದಲ್ಲಿ ಮಾಡಬೇಡಿ. ಬೇರಿಂಗಿಗೆ ಎರಡು ಉಂಗುರ ಇರುತ್ತದೆ, ಒಳಗಿನದ್ದು ನಿಲ್ಲುತ್ತದೆ, ಹೊರಗಿನದ್ದು ತಿರುಗುತ್ತದೆ. ದೊಡ್ಡ ವಾಷರ್ ಹಾಕಿದರೆ ಅದು ಎರಡನ್ನೂ ಒತ್ತಿ ಬ್ರೇಕ್ ಹಾಕಿದ ಹಾಗೆ ಆಗುತ್ತದೆ. ಒಳ ಉಂಗುರಕ್ಕೆ ಮಾತ್ರ ತಾಗುವ ಸಣ್ಣ ವಾಷರ್ ಹಾಕಿ. ಚಕ್ರದ ಒಳಗೆ ಎರಡು ಬೇರಿಂಗಿನ ನಡುವೆ ಒಂದು ಪುಟ್ಟ ಕೊಳವೆ ಇರುತ್ತದೆ, ಕೆಲಸವಿಲ್ಲದ್ದು ಅಂತ ಬಿಸಾಡಬೇಡಿ. ಅದು ಇಲ್ಲದಿದ್ದರೆ ನಟ್ಟು ಬಿಗಿದಷ್ಟೂ ಬೇರಿಂಗ್ ಹಿಂಡಿಹೋಗುತ್ತದೆ. ನಟ್ಟು ನೈಲಾಕ್ ಇರಲಿ, ತಾನಾಗಿ ಸಡಿಲವಾಗುವುದಿಲ್ಲ. ಬಿಗಿದ ಮೇಲೆ ಚಕ್ರವನ್ನು ಬೆರಳಿನಿಂದ ಒಮ್ಮೆ ತಿರುಗಿಸಿ ಬಿಡಿ. ಒಂದೆರಡು ಸುತ್ತಿಗೇ ನಿಂತರೆ ಬಿಚ್ಚಿ ಮತ್ತೆ ಹಾಕಿ.

ಹಲಗೆಗೆ 18 ಎಂಎಂ ಪ್ಲೈ, ಎರಡೂವರೆ ಅಡಿ ಚೌಕ. ಆಚಾರಿಯ ಹತ್ತಿರ ಅಡುಗೆಮನೆ ಕಪಾಟಿನ ಕೆಲಸ ಮಾಡಿ ಉಳಿದ ತುಂಡು ಇದ್ದೇ ಇರುತ್ತದೆ. ವಾಟರ್‌ಪ್ರೂಫ್ ಪ್ಲೈ ಆದರೆ ಒಳ್ಳೆಯದು.

ಹಳಿಗೆ ಒಂದು ಇಂಚಿನ ಪಿವಿಸಿ ಪೈಪು, ದಪ್ಪದ್ದು. ಹತ್ತು ಅಡಿಯ ಎರಡು ತುಂಡು. ಇಪ್ಪತ್ತು ಅಡಿ ಹಳಿ ಬೇಕು ಅಂತ ಜೋಡಿಸಲು ಹೋಗಬೇಡಿ. ಜೋಡಿಸಿದ ಜಾಗದಲ್ಲಿ ಚಕ್ರ ಎಗರುವುದು ನೂರಕ್ಕೆ ನೂರು ಖಚಿತ, ಮತ್ತು ಇಗರ್ಜಿಯ ಒಳಗೆ ಇಪ್ಪತ್ತು ಅಡಿ ಹಳಿ ಹಾಕಿದರೆ ಜನ ನಡೆಯುವುದು ಎಲ್ಲಿ? ಅಂಗಡಿಯಲ್ಲಿ ಪೈಪನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ, ಆಚಾರಿ ರೀಪು ನೋಡುವ ಹಾಗೆ. ಬಾಗಿದ್ದನ್ನು ಅಲ್ಲೇ ಬಿಡಿ. ಬಿಸಿಲಿಗೆ ಗೋಡೆಗೆ ಒರಗಿಸಿಟ್ಟ ಪೈಪು ಸಾಮಾನ್ಯವಾಗಿ ಬಾಗಿರುತ್ತದೆ.

ಪೈಪಿನ ಒಳಗೆ ಒಣ ಮರಳು ತುಂಬಿಸಿ ಎರಡೂ ಕಡೆ ಕ್ಯಾಪು ಹಾಕಿ ಗಮ್ಮು ಹಚ್ಚಿಬಿಡಿ. ನೂರು ರೂಪಾಯಿ ಖರ್ಚಿಲ್ಲ, ಪೂರ್ತಿ ಡಾಲಿಯಲ್ಲಿ ನನಗೆ ಅತಿ ಇಷ್ಟದ ಕೆಲಸ ಇದು. ಖಾಲಿ ಪೈಪು ಕೊಳಲಿನ ಜಾತಿ, ಚಕ್ರ ಉರುಳಿದರೆ ಸದ್ದು ಮಾಡುತ್ತದೆ. ಫಾದರ್ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಆ ಗುರ್ರ್ ಸದ್ದು ಎಲ್ಲರಿಗೂ ಕೇಳುತ್ತದೆ. ಮರಳು ಸದ್ದನ್ನು ನುಂಗುತ್ತದೆ, ಜೊತೆಗೆ ಪೈಪಿಗೆ ಭಾರ ಬಂದು ಅದು ಅಲುಗದೆ ಕೂರುತ್ತದೆ. ಹಳಿಗಳ ಅಂತರ ಎರಡು ಅಡಿ. ನಡುವೆ ಮೂರು ಕಡೆ ಪ್ಲೈ ಪಟ್ಟಿ ಕೊಟ್ಟು ಹಿಡಿಸಿ, ಚಕ್ರಕ್ಕೆ ತಾಗದಷ್ಟು ಕೆಳಗೆ. ಅಡಿಯಲ್ಲಿ ಹಳೇ ಯೋಗ ಮ್ಯಾಟು ಕತ್ತರಿಸಿ ಹಾಸಿ. ಬಿಲ್ಲೆಗೆ ಗೀರು ಬಿದ್ದರೆ ಹಬ್ಬದ ಮರುದಿನ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಇಷ್ಟೆಲ್ಲಾ ನನ್ನ ಅಂದಾಜಿನಲ್ಲಿ 3,500 ರೂಪಾಯಿ ಒಳಗೆ ಮುಗಿಯಬೇಕು, ಚಕ್ರ ಹೊಸದಾಗಿ ಕೊಂಡರೆ ಇನ್ನೊಂದು ಸಾವಿರ. ಮಂಗಳೂರಿಗೆ ಬರುವವರಿದ್ದರೆ ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ, ಗುಜರಿಯನ್ನೂ ಬಿಡಬೇಡಿ. ಉಳಿದ ಹಣವನ್ನು ಬೇರೆ ಯಾವುದಕ್ಕೂ ಕೊಡದೆ ಟ್ರೈಪಾಡಿನ ಫ್ಲೂಯಿಡ್ ಹೆಡ್ಡಿಗೆ (ಕ್ಯಾಮರಾವನ್ನು ನಯವಾಗಿ ತಿರುಗಿಸುವ ಮೇಲಿನ ಭಾಗ) ಇಡಿ. ಡಾಲಿ ಎಷ್ಟೇ ನಯವಾಗಿ ಓಡಲಿ, ಹೆಡ್ಡು ಕಚಕ್ ಅಂತ ತಿರುಗಿದರೆ ಎಲ್ಲಾ ಹಾಳು.

ಇನ್ನು ಎಲ್ಲಿ ಇಡುವುದು, ಯಾವಾಗ ತಳ್ಳುವುದು. ತುಂಬ ಜನ ನಡುವಿನ ದಾರಿಯಲ್ಲಿ ಇಟ್ಟು ಪೀಠದ ಕಡೆಗೆ ತಳ್ಳುತ್ತಾರೆ. ಏಳು ಅಡಿ ಮುಂದೆ ಹೋದರೆ ದೂರದ ಪೀಠ ಸ್ವಲ್ಪ ದೊಡ್ಡದಾಗುತ್ತದೆ, ಅಷ್ಟೇ. ಅದು ಜೂಮಿನಿಂದಲೂ ಆಗುತ್ತದೆ. ಡಾಲಿಯ ನಿಜವಾದ ಲಾಭ ಇರುವುದು ಹತ್ತಿರದ ವಸ್ತು ಬೇಗ ಸರಿದು, ದೂರದ್ದು ನಿಧಾನ ಸರಿಯುವಾಗ. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್ಲಿನ ಗೋಡೆಯಲ್ಲಿ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರದ ಮುಂದೆ ಕ್ಯಾಮರಾವನ್ನು ಹತ್ತು ಅಡಿ ಸರಿಸಿ ನೋಡಿ. ಚಿತ್ರ ಎಷ್ಟೇ ಚೆಂದ ಇದ್ದರೂ ಅದರೊಳಗೆ ಒಂದು ಗೆರೆಯೂ ಅದರ ಪಕ್ಕದ ಗೆರೆಯಿಂದ ದೂರವಾಗುವುದಿಲ್ಲ, ಯಾಕೆಂದರೆ ಅದು ಚಪ್ಪಟೆ. ಅದೇ ಒಂದು ಕಂಬದ ಹಿಂದಿನಿಂದ ಹೊರಟು ನೋಡಿ. ಕಂಬ ಸರಿಯುತ್ತದೆ, ಮೇಣದಬತ್ತಿ ಕಾಣುತ್ತದೆ, ಆಮೇಲೆ ಪೀಠ ತೆರೆದುಕೊಳ್ಳುತ್ತದೆ. ಹಾಗಾಗಿ ಹಳಿಯನ್ನು ಬದಿಯ ಕಂಬಗಳ ಸಾಲಿನ ಹೊರಗೆ ಹಾಕಿ, ಜನರ ದಾರಿಗೂ ಅಡ್ಡ ಇಲ್ಲ. ಕಂಬವಿಲ್ಲದ ಹೊಸ ಇಗರ್ಜಿಯಾದರೆ ಬೆಂಚಿನ ತಲೆಗಳು, ಹೂವಿನ ಅಲಂಕಾರ, ಕ್ವಾಯರಿನ ಕೀಬೋರ್ಡು, ಯಾವುದಾದರೂ ಒಂದು ಹತ್ತಿರ ಇರಲಿ. ಲೆನ್ಸು ಆದಷ್ಟು ವೈಡ್ ಇರಲಿ. ಸಣ್ಣ ಕುಲುಕು ವೈಡಿನಲ್ಲಿ ಅಡಗುತ್ತದೆ, ಜೂಮಿನಲ್ಲಿ ಎದ್ದು ಕಾಣುತ್ತದೆ.

ವೇಗ: ಸೆಕೆಂಡಿಗೆ ಮೂರು ಇಂಚು. ಹತ್ತು ಅಡಿ ಹಳಿಯಲ್ಲಿ ಹಲಗೆ ಕಳೆದು ಏಳು ಅಡಿ ಓಟ ಸಿಗುತ್ತದೆ, ಅದಕ್ಕೆ ಅರ್ಧ ನಿಮಿಷ. ತುಂಬ ನಿಧಾನ ಆಯ್ತು ಅಂತ ತಳ್ಳುವವನಿಗೆ ಅನಿಸಬೇಕು. ಒಬ್ಬ ತಳ್ಳಲಿ, ಇನ್ನೊಬ್ಬ ಕ್ಯಾಮರಾ ನೋಡಲಿ, ಎರಡನ್ನೂ ಒಬ್ಬನೇ ಮಾಡಬಾರದು. ತಳ್ಳುವ ಹಿಡಿಕೆ ದಾರಿ ತೋರಿಸುವ ಹಳಿಯ ಬದಿಗೆ, ತಗ್ಗಿನಲ್ಲಿ ಇರಲಿ. ಟ್ರೈಪಾಡನ್ನು ಹಿಡಿದು ಮಾತ್ರ ತಳ್ಳಬೇಡಿ.

ಲೈವ್‌ನಲ್ಲಿ ಎರಡನೇ ಟೇಕ್ ಇಲ್ಲ. ನಿಮಗೆ ಎರಡು ಕ್ಯಾಮರಾ ಇರುವುದು ಇದಕ್ಕೆ ತುಂಬ ಒಳ್ಳೆಯದಾಯಿತು. ಒಂದೇ ಇದ್ದಿದ್ದರೆ ಡಾಲಿ ಬೇಡವೇ ಬೇಡ ಅನ್ನುತ್ತಿದ್ದೆ. ನಡುವಿನ ಕ್ಯಾಮರಾ ಯಾವಾಗಲೂ ಸ್ಥಿರ. ಡಾಲಿ ಹೊರಟು, ನಯವಾಗಿ ಓಡುತ್ತಿದೆ ಅಂತ ಖಾತ್ರಿಯಾದ ಮೇಲೆ ಅದಕ್ಕೆ ಕಟ್ ಮಾಡಿ. ನಿಲ್ಲುವ ಮೊದಲೇ ವಾಪಸ್ ಬನ್ನಿ. ಶುರುವಿನ ಜರ್ಕು, ಕೊನೆಯ ಜರ್ಕು ಎರಡೂ ಯಾರಿಗೂ ಕಾಣುವುದಿಲ್ಲ. ವಾಪಸ್ ಎಳೆದುಕೊಳ್ಳುವುದೂ ಆಗಲೇ.

ಪ್ರವೇಶ ಮೆರವಣಿಗೆ, ಗ್ಲೋರಿಯಾ, ಕಾಣಿಕೆ ಅರ್ಪಣೆಯ ಹಾಡು, ಕೊನೆಯ ಹಾಡು. ಇಷ್ಟರಲ್ಲಿ ಡಾಲಿ ಓಡಲಿ. ವಾಚನದಲ್ಲಿ, ಪ್ರವಚನದಲ್ಲಿ ನಿಂತಿರಲಿ. ರೊಟ್ಟಿ, ದ್ರಾಕ್ಷಾರಸ ಎತ್ತುವ ಹೊತ್ತಿಗಂತೂ ಮುಟ್ಟಲೇಬೇಡಿ. ಮನೆಯಲ್ಲಿ ಮಂಚದ ಮೇಲೆ ಕೂತು ನೋಡುವ ಅಜ್ಜಿ ಆಗ ಕೈ ಮುಗಿದಿರುತ್ತಾರೆ. ಅವರ ಕಣ್ಣಿನ ಮುಂದೆ ಚಿತ್ರ ಈಜಬಾರದು. ಎಲ್ಲಿ ಹಾಕುತ್ತೀರಿ, ಯಾವಾಗ ತಳ್ಳುತ್ತೀರಿ ಅನ್ನುವುದನ್ನು ಮೊದಲೇ ಫಾದರಿಗೆ ತೋರಿಸಿ ಒಪ್ಪಿಗೆ ತೆಗೆದುಕೊಳ್ಳಿ.

ಕ್ಯಾಮರಾದಲ್ಲಿ ಮೂರು ಲಾಕ್ ಮಾಡಿ: ಫೋಕಸ್, ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ). ಇಲ್ಲದಿದ್ದರೆ ಕಿಟಕಿಯ ಎದುರು ಹಾದುಹೋಗುವಾಗ ಇಡೀ ಇಗರ್ಜಿ ಕಪ್ಪಾಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಶಟರ್ 1/50 ಅಥವಾ 1/100 ಇರಲಿ, ಟ್ಯೂಬ್‌ಲೈಟು ಮಿಣುಕುವುದಿಲ್ಲ. ಕೇಬಲ್ಲನ್ನು ಹಲಗೆಗೆ ಟೇಪು ಹಾಕಿ ಕಟ್ಟಿ, ಆಮೇಲೆ ಸಡಿಲ ಬಿಡಿ. ನನ್ನ ಬೆಂಚಿನ ಕಾಲನ್ನು ನೆನಪಿಡಿ. ಎಚ್‌ಡಿಎಂಐ ಮಾಮೂಲಿ ಕೇಬಲ್ಲು 10–15 ಮೀಟರ್ ದಾಟಿದರೆ ಕೈ ಕೊಡುವುದೇ ಜಾಸ್ತಿ.

ಇನ್ನೊಂದು ವಿಷಯ ತುಂಬ ಜನಕ್ಕೆ ಹೊಳೆಯುವುದಿಲ್ಲ. ಸ್ಥಿರ ಚಿತ್ರಕ್ಕೆ ಇಂಟರ್ನೆಟ್ ಕಡಿಮೆ ಸಾಕು, ಯಾಕೆಂದರೆ ಬದಲಾದ ಭಾಗವನ್ನು ಮಾತ್ರ ಕಳಿಸಿದರೆ ಆಯಿತು. ಡಾಲಿ ಓಡುವಾಗ ಇಡೀ ಚಿತ್ರ ಪ್ರತಿ ಕ್ಷಣ ಬದಲಾಗುತ್ತದೆ. ಇಷ್ಟು ದಿನ ಚೆನ್ನಾಗಿ ಹೋಗುತ್ತಿದ್ದ ಲೈವ್ ಡಾಲಿ ಹೊರಟ ಕೂಡಲೇ ಚೌಕ ಚೌಕ ಆದರೆ ಚಕ್ರವನ್ನು ಬೈಯಬೇಡಿ. ಅಪ್‌ಲೋಡ್ ಕಡಿಮೆ ಇದ್ದರೆ 1080 ಬಿಟ್ಟು 720ಕ್ಕೆ ಇಳಿಸಿ. ಲೈವ್ ಕಳಿಸುವ ಸಾಫ್ಟ್‌ವೇರ್ ಓಬಿಎಸ್‌ನಲ್ಲಿ ಕೀಫ್ರೇಮ್ (ಚಿತ್ರವನ್ನು ಪೂರ್ತಿಯಾಗಿ ಕಳಿಸುವ ಫ್ರೇಮ್) ಅಂತರ 2 ಸೆಕೆಂಡ್ ಇಡಿ, ಯೂಟ್ಯೂಬ್ ಹೇಳುವುದೂ ಅದನ್ನೇ. ಹಬ್ಬಕ್ಕೆ ಮೊದಲಿನ ಒಂದು ಭಾನುವಾರ ಖಾಸಗಿ ಲೈವ್ ಹಾಕಿ, ಯಾರದಾದರೂ ಮನೆಯ ಫೋನಿನಲ್ಲಿ ನೋಡಿ.

ಪ್ರಶ್ನೆ: ಇಷ್ಟೆಲ್ಲಾ ತಲೆಬಿಸಿ ಯಾಕೆ? ಗಿಂಬಲ್ (ಕ್ಯಾಮರಾ ಅಲುಗದ ಹಾಗೆ ಹಿಡಿಯುವ ಮೋಟಾರಿನ ಹಿಡಿಕೆ) ಹಿಡಿದುಕೊಂಡು ನಡೆದರೆ ಸಾಲದಾ? (ಮಂಗಳೂರಿನ ಓದುಗರು)

ಉತ್ತರ: ಹೊರಗೆ ಸಾಕು. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ (ಮರಿಯ ಮಾತೆಯ ಹುಟ್ಟುಹಬ್ಬ) ಮಕ್ಕಳು ಹೂವಿನ ಬುಟ್ಟಿ ಹಿಡಿದು ಬರುವಾಗ, ಹೊಸ ತೆನೆಯ ಮೆರವಣಿಗೆಯಲ್ಲಿ, ಗಿಂಬಲ್ ಬಿಟ್ಟರೆ ಬೇರೆ ದಾರಿ ಇಲ್ಲ. ಮಳೆಗೆ ಕೊಡೆ ಹಿಡಿಯಲು ಇನ್ನೊಬ್ಬ ಬೇಕು, ಅಷ್ಟೇ. ಒಳಗೆ ಬೇಡ. ಗಿಂಬಲ್ ಅಡ್ಡ ಅಲುಗಾಟವನ್ನೂ ಓರೆಯಾಗುವುದನ್ನೂ ತಡೆಯುತ್ತದೆ, ಹೆಜ್ಜೆ ಹಾಕುವಾಗ ಮೇಲೆ ಕೆಳಗೆ ಆಗುವುದನ್ನು ತಡೆಯುವುದಿಲ್ಲ. ಹಬ್ಬದ ಪೂಜೆ ಎರಡು ಗಂಟೆ ಹೋದರೆ ಕೈಯೂ ಸೋಲುತ್ತದೆ. ಮತ್ತೆ, ಕ್ಯಾಮರಾ ಹಿಡಿದು ಪೀಠದ ಹತ್ತಿರ ಓಡಾಡುವವನನ್ನು ನೋಡಿ ಪ್ರಾರ್ಥನೆ ಮಾಡಲು ಯಾರಿಗೆ ಆಗುತ್ತದೆ ಮಾರಾಯ್ರೆ?

ಪ್ರಶ್ನೆ: ಆನ್‌ಲೈನಿನಲ್ಲಿ ಸಿಗುವ ರಿಮೋಟಿನ ಪುಟ್ಟ ಕಾರಿನಂಥ ಡಾಲಿ ತರಬಹುದಾ?

ಉತ್ತರ: ಮೇಜಿನ ಮೇಲೆ ಇಟ್ಟು ಕ್ವಾಯರಿನ ಬೆರಳು, ವಯಲಿನ್ನು ತೋರಿಸಲು ಚೆನ್ನಾಗಿದೆ. ನೆಲಕ್ಕೆ ಇಳಿಸಿದರೆ ಮೊದಲ ಸಂದಿಗೇ ಕುಲುಕುತ್ತದೆ.

ಪ್ರಶ್ನೆ: ನಾವು ಹೋದ ವರ್ಷ ಮಾಡಿದ ಡಾಲಿ ಒಂದೇ ಮಳೆಗಾಲಕ್ಕೆ ಹಾಳಾಯಿತು. ಹೇಗೆ ಇಡಬೇಕು? (ಕಾರ್ಕಳ ಕಡೆಯ ಓದುಗರು)

ಉತ್ತರ: ಪೈಪು ನಿಲ್ಲಿಸಬೇಡಿ, ನೆಲದಲ್ಲಿ ಉದ್ದಕ್ಕೆ ಮಲಗಿಸಿ, ಬಿಸಿಲು ತಾಗದ ಕಡೆ. ಕ್ವಾಯರ್ ಅಟ್ಟದ ಮೆಟ್ಟಿಲ ಕೆಳಗೆ ಒಳ್ಳೆಯ ಜಾಗ. ಚಕ್ರ ಬಿಚ್ಚಿ, ಬೇರಿಂಗಿಗೆ ಹೊಲಿಗೆ ಮೆಶಿನ್ನಿನ ಎಣ್ಣೆ ಒಂದು ಹನಿ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಹಲಗೆಯ ಕತ್ತರಿಸಿದ ಅಂಚಿಗೆ ಪೈಂಟು ಬೇಕೇ ಬೇಕು, ನೀರು ಕುಡಿಯುವುದು ಅಲ್ಲಿಂದ. ಮತ್ತು ಹಲಗೆಯ ಮೇಲೆ ಇದು ಏನು ಅಂತ ದೊಡ್ಡದಾಗಿ ಬರೆದಿಡಿ. ನಾನು ಮಾಡಿಕೊಟ್ಟ ಒಂದನ್ನು ಎರಡು ವರ್ಷ ಬಿಟ್ಟು ನೋಡಿದರೆ ಹಬ್ಬದ ಊಟದ ಕುರ್ಚಿ ಸಾಗಿಸಲು ಇಟ್ಟುಕೊಂಡಿದ್ದರು. ಯಾರೋ ಪುಣ್ಯಾತ್ಮ, ಒಂದು ಕಾಲು ಹಾಕಲು ಮರೆತಿದ್ದಾರೆ ಅಂದುಕೊಂಡು, ನಾಲ್ಕನೆಯದನ್ನೂ ಹಾಕಿದ್ದ.